ಐದನೇ ನಂಬರಿನ ಮನೆ

ಬೆಳಿಗ್ಗೆ ಎದ್ದು ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿದ್ದೇ ತಡ, ಇಸ್ತ್ರಿಯಾಕೆಯ ಬಾಯಿಂದ "ಅಯ್ಯಮ್ಮಾ!" ಹೊರಟುಬಿಟ್ಟಿತು. ಹಿಮ್ಮಡಿಯೊಳಗೆ ಯಾರೋ ಮೊಳೆ ಹೊಡೆದ ಹಾಗಿತ್ತು. ಗೋಡೆ ಹಿಡಿದುಕೊಂಡು, ತುದಿಗಾಲಲ್ಲಿ ಕುಂಟುತ್ತಾ ಅಡುಗೆಮನೆ ಮುಟ್ಟುವಷ್ಟರಲ್ಲಿ ಅತ್ತೆಯ ಬಾಯಿ ತೆರೆದಾಗಿತ್ತು.

"ಶುರುವಾಯ್ತು ನೋಡು ರಾಗ. ಬೆಳಗಾದ್ರೆ ಇದೇ ಆಗೋಯ್ತು."

"ರಾಗ ಅಲ್ಲ ಅತ್ತೆ, ನೋವು."

"ನೋವು ಯಾರಿಗಿಲ್ಲ? ನನ್ನ ಕಾಲ್ಬೆರಳು ನೋಡು, ಒಂದರ ಮೇಲೊಂದು ಹತ್ತಿ ಕೂತಿದಾವೆ. ಒಂದು ದಿನ ತುಟಿ ಪಿಟಕ್ ಅಂದಿದೀನಾ?"

ಅಂದಿಲ್ಲ ಅನ್ನೋದು ಶುದ್ಧ ಸುಳ್ಳು. ದಿನಕ್ಕೆ ಹತ್ತು ಸಲ ಆ ಬೆರಳುಗಳ ಕಥೆ ಹೇಳದಿದ್ದರೆ ಮುದುಕಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಆದರೆ ಚಹಾ ಉಕ್ಕುತ್ತಿತ್ತು, ಮಗಳಿಗೆ ಬೇಕರಿಗೆ ಹೊತ್ತಾಗುತ್ತಿತ್ತು, ಗಂಡ ಮೊಟ್ಟೆಗಾಗಿ ತಟ್ಟೆ ಬಡಿಯುತ್ತಿದ್ದ. ಇಸ್ತ್ರಿಯಾಕೆ ಒಲೆ ತಗ್ಗಿಸಿದಳು.

ಅವಳಿಗೆ ಕೆಲಸ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ. ವಾರ್ಡಿನ ಹಾಸಿಗೆ ಹೊದಿಕೆ, ಡಾಕ್ಟರ ಬಿಳಿ ಕೋಟು, ಎಲ್ಲವೂ ಒಗೆದು ಬಂದು ಅವಳ ಮೇಜಿನ ಮೇಲೆ ಗುಡ್ಡೆ ಬೀಳುತ್ತಿದ್ದವು. ಸಿಮೆಂಟು ನೆಲದ ಮೇಲೆ ದಿನಕ್ಕೆ ಎಂಟು ಗಂಟೆ ನಿಂತು ಇಸ್ತ್ರಿ ಹಾಕೋದು. ಹನ್ನೊಂದು ವರ್ಷ ನಿಂತಿದ್ದಳು. ಈ ನೋವು ಬಂದದ್ದು ಮೂರು ತಿಂಗಳ ಈಚೆಗೆ.

ಗಂಡ ಪೇಟೆ ಬೀದಿಯ ಚಪ್ಪಲಿ ಅಂಗಡಿಯೊಂದರಲ್ಲಿ ಹೆಂಗಸರ ವಿಭಾಗದ ಅಳತೆಗಾರ. ಗಿರಾಕಿಗಳ ಕಾಲಿನ ಅಳತೆ ತೆಗೆದು, ತೊಡಿಸಿ, ಒಪ್ಪಿಸೋದು ಅವನ ಕಸುಬು. ಅಂಗಡಿಯ ಗಾಜಿನ ಕಪಾಟಿನಲ್ಲಿಡೋಕೆ ಕಂಪನಿಗಳು ಮಾದರಿ ಜೋಡಿಗಳನ್ನು ಕಳಿಸುತ್ತವೆ. ಹೆಂಗಸರ ಮಾದರಿ ಅಂದರೆ ಅಷ್ಟೂ ಐದನೇ ನಂಬರು. ಹೊಸ ಮಾಲು ಬಂದಾಗ, ಬಿಸಿಲಿಗೆ ಬಣ್ಣ ಹೋದ ಹಳೇ ಮಾದರಿಗಳನ್ನು ಮಾಲೀಕ ಕೆಲಸದವರಿಗೆ ಸುಮ್ಮನೆ ಹಂಚಿಬಿಡುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ಹೆಂಗಸಿನ ಕಾಲು ಅಂದರೆ ಐದು. ಅತ್ತೆಗೂ ಐದು, ಸೊಸೆಗೂ ಐದು, ಮೊಮ್ಮಗಳಿಗೂ ಐದು. ಮೊಮ್ಮಗಳಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಉಳಿದಿಬ್ಬರು ಕೂರಿಸಿಕೊಳ್ಳುತ್ತಿದ್ದರು. ಇಸ್ತ್ರಿಯಾಕೆಗೆ ಈ ಮನೆ ಸೇರಿ ಇಪ್ಪತ್ತೆರಡು ವರ್ಷ. ಒಂದು ದಿನವೂ ದುಡ್ಡು ಕೊಟ್ಟು ಚಪ್ಪಲಿ ಕೊಂಡವಳಲ್ಲ. ಬಿಗಿಯಾಗುತ್ತೆ ಅಂದರೆ "ಹೊಸದು, ಹಾಕ್ಕೋತಾ ಹಾಕ್ಕೋತಾ ಬಿಡುತ್ತೆ" ಅನ್ನುತ್ತಿದ್ದ. ಅವನ ಕಸುಬು ಅದು, ಅವನಿಗಿಂತ ಹೆಚ್ಚು ತನಗೇನು ಗೊತ್ತು ಅಂತ ಇವಳೂ ಸುಮ್ಮನಿದ್ದಳು.

"ತೂಕ ಇಳಿಸು," ಅಂದ ಗಂಡ, ಮೊಟ್ಟೆಯನ್ನು ಬ್ರೆಡ್ಡಿನೊಳಗೆ ಮಡಚುತ್ತಾ. "ಕಾಲಿನ ಮೇಲೆ ಅಷ್ಟು ಭಾರ ಬಿದ್ರೆ ಇನ್ನೇನಾಗುತ್ತೆ?"

"ಅಪ್ಪ, ಅಮ್ಮಂಗಿಂತ ನೀನೇ ದಪ್ಪ," ಅಂದಳು ಮಗಳು.

"ನಿನ್ನ ಯಾರೂ ಕೇಳಲಿಲ್ಲ."

"ಕೇಳದೇ ಇದ್ರೂ ಹೇಳ್ತೀನಿ."

"ನೋಡಿದ್ಯೇನೋ ಮಗಳ ಬಾಯಿ?" ಅಂದಳು ಅತ್ತೆ. "ತಾಯಿ ಹೇಗೋ ಹಾಗೆ."

ಅವತ್ತು ಸಂಜೆ ಗಂಡ ಅಂಗಡಿಯಿಂದ ರಬ್ಬರಿನ ಎರಡು ಮೆತ್ತೆ ತಂದು ಅವಳ ಬೂಟಿನ ಹಿಮ್ಮಡಿಗೆ ತುರುಕಿಕೊಟ್ಟ. ಮೊದಲೇ ಉಸಿರು ಕಟ್ಟುವ ಬೂಟು. ಅದರೊಳಗೆ ಮೆತ್ತೆಯೂ ಬಂದು ಕೂತರೆ ಕಾಲಿಗೆ ಜಾಗ ಎಲ್ಲಿ? ಮಾರನೇ ದಿನ ಮಧ್ಯಾಹ್ನದೊಳಗೆ ಹೆಬ್ಬೆರಳಿನ ಬುಡದ ಗೆಣ್ಣು ಕೆಂಡದ ಹಾಗೆ ಕೆಂಪಾಯಿತು. ಮೇಜಿಗೆ ಒರಗಿ, ಬೂಟು ಕಳಚಿಟ್ಟು, ಬರಿಗಾಲಲ್ಲಿ ಇಸ್ತ್ರಿ ಹಾಕುತ್ತಿದ್ದವಳನ್ನು ಮೇಲ್ವಿಚಾರಕಿ ಹಿಡಿದಳು.

"ಇದೇನಮ್ಮ ಇದು? ಬಿಸಿ ಹಬೆ ಕಾಲ ಮೇಲೆ ಬಿದ್ರೆ ಯಾರು ಹೊಣೆ?"

"ಐದು ನಿಮಿಷ ಮೇಡಂ, ನೋವು ತಾಳೋಕಾಗಲಿಲ್ಲ."

"ಮೂರು ತಿಂಗಳಿಂದ ಐದು ನಿಮಿಷ ಐದು ನಿಮಿಷ ಅಂತಿದೀರ. ಒಂದೂವರೆ ತಿಂಗಳಿಗೆ ಹೊಸ ಹಬೆ ಯಂತ್ರ ಬರುತ್ತೆ. ಅದನ್ನ ನಡೆಸೋಕೆ ನಿಮ್ಮ ಹೆಸರು ಕೊಟ್ಟಿದೀನಿ, ಹನ್ನೊಂದು ವರ್ಷದ ಕೈ ಅಂತ. ಅವತ್ತು ಬೆಳಿಗ್ಗೆ ಏಳಕ್ಕೆ ಮುಚ್ಚಿದ ಬೂಟು ಹಾಕ್ಕೊಂಡು ಯಂತ್ರದ ಮುಂದೆ ನಿಂತಿರಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿ. ಕುಂಟೋರನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಆದರೂ ಹೆಸರು ಕೊಟ್ಟಿದ್ದಳಲ್ಲ! ಇಸ್ತ್ರಿಯಾಕೆಗೆ ಆ ಮಾತೇ ಕಿವಿಯಲ್ಲಿ ಉಳಿಯಿತು. ಹನ್ನೊಂದು ವರ್ಷದಲ್ಲಿ ಯಾರೂ ಅವಳ ಹೆಸರನ್ನು ಯಾವುದಕ್ಕೂ ಕೊಟ್ಟಿರಲಿಲ್ಲ. ಆ ಯಂತ್ರ ತನ್ನದಾಗಲೇಬೇಕು ಅಂತ ಹಟ ಹಿಡಿದಳು.

ಹಟದ ಮಾತನ್ನು ಕಾಲು ಕೇಳಬೇಕಲ್ಲ. ಆ ವಾರದ ಕೊನೆಗೆ, ಹಿಮ್ಮಡಿ ಊರಲಾಗದೆ ಪಾದದ ಅಂಚಿನಲ್ಲಿ ಹೆಜ್ಜೆ ಇಡುತ್ತಾ, ತರಕಾರಿ ಚೀಲ ಹಿಡಿದು ಮೂರನೇ ಮಹಡಿಯ ಮೆಟ್ಟಿಲಿಳಿಯುವಾಗ—ಬದನೆಕಾಯಿ ಕೊಳೆತಿದೆ, ವಾಪಸು ಕೊಟ್ಟು ಬಾ ಅಂತ ಅತ್ತೆ ಅಟ್ಟಿದ್ದಳು—ಕಾಲು ಹೊರಳಿತು. ಬದನೆಕಾಯಿ ಮುಂದೆ, ಇವಳು ಹಿಂದೆ. ಎಂಟು ಮೆಟ್ಟಿಲು.

ಬಲಪಾದದ ಕೀಲು ಹೊರಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಅತ್ತೆ ಎಣ್ಣೆ ಕಾಯಿಸಿ ತಂದು, ಬೇಡ ಬೇಡ ಅಂದರೂ ಕಿವಿಗೆ ಹಾಕಿಕೊಳ್ಳದೆ ಹೆಬ್ಬೆರಳಿನಲ್ಲಿ ಗಸಗಸ ತಿಕ್ಕಿದಳು. ಊತ ಒಂದಕ್ಕೆರಡಾಯಿತು.

"ಅಜ್ಜಿ, ಕೈ ತೆಗಿ! ಸಾಯಿಸ್ತೀಯಾ?" ಮಗಳು ಚೀರಿದಳು.

"ಉಪಕಾರ ಮಾಡೋಕೆ ಬಂದ್ರೆ ನನಗೇ ಬೈಗುಳ. ರಾತ್ರಿ ಅಡುಗೆ ಯಾರು ಮಾಡ್ತಾರೆ ಈಗ?"

"ನಿನ್ನ ಮಗ ಮಾಡ್ತಾನೆ."

"ಅವನು ದಿನವೆಲ್ಲ ಊರೋರ ಕಾಲ ಹತ್ರ ಬಗ್ಗಿ ಬಗ್ಗಿ ಸುಸ್ತಾಗಿ ಬರ್ತಾನೆ."

"ಅಮ್ಮ ಇಲ್ಲಿ ಬಿದ್ದಿದಾಳೆ, ಅಜ್ಜಿ. ಅವಳ ಕಾಲ ಹತ್ರನೂ ಒಂದು ಸಲ ಬಗ್ಗಲಿ."

ಅವನು ಬಗ್ಗಲಿಲ್ಲ. ಬಾಗಿಲಲ್ಲೇ ನಿಂತು ನೋಡಿ, "ನೋಡ್ಕೊಂಡು ಇಳಿಯೋಕೇನಾಗಿತ್ತು?" ಅಂದ. ಮಾರನೇ ದಿನ ಮಗಳೇ ಬೇಕರಿಗೆ ರಜೆ ಹೇಳಿ, ತಾಯಿಯನ್ನು ಆಟೋದಲ್ಲಿ ಅವಳು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಹೋದಳು.

ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಆದರೆ ಹಿಮ್ಮಡಿಯ ಮೂಳೆ ಸಣ್ಣ ಮುಳ್ಳಿನ ಹಾಗೆ ಮುಂದಕ್ಕೆ ಬೆಳೆದಿತ್ತು. ತಾಯಿ ಮಗಳಿಬ್ಬರೂ ಆ ಚಿತ್ರವನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು. ವ್ಯಾಯಾಮ ಹೇಳಿಕೊಡುವ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದವಳು ಗಿಡ್ಡ ಕೂದಲಿನ, ಖಡಕ್ ಮಾತಿನ ಹೆಂಗಸು. ರೋಗಿಗಳು ಬೆನ್ನ ಹಿಂದೆ ಅವಳನ್ನು ಡ್ರಿಲ್ ಮೇಡಂ ಅನ್ನುತ್ತಿದ್ದರು.

"ಇದನ್ನ ಆಪರೇಷನ್ ಮಾಡಿ ತೆಗೀಬೇಕಾ ಮೇಡಂ?"

"ಯಾರು ಹೇಳಿದ್ದು? ನೋವೇ ಇಲ್ಲದ ಎಷ್ಟೋ ಜನಕ್ಕೂ ಈ ಮುಳ್ಳು ಇರುತ್ತೆ. ನಿಮ್ಮ ತೊಂದರೆ ಬೇರೆ. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳ ಬುಡದ ತನಕ ಒಂದು ಗಟ್ಟಿ ಪಟ್ಟಿ ಇದೆ. ಅದು ಜಗ್ಗಿ ಜಗ್ಗಿ ಹಣ್ಣಾಗಿದೆ. ರಾತ್ರಿ ಮಲಗಿದಾಗ ಮುದುಡುತ್ತೆ, ಬೆಳಿಗ್ಗೆ ನೀವು ಕಾಲೂರಿದ ತಕ್ಷಣ ಎಳೆಯುತ್ತೆ. ಮೊದಲ ಹೆಜ್ಜೇಲೇ ತಾನೇ ಜಾಸ್ತಿ ನೋವು?"

"ಹೌದು ಮೇಡಂ, ಹೌದು!" ಮೂರು ತಿಂಗಳಲ್ಲಿ ಮೊದಲ ಸಲ ಯಾರೋ ಅವಳ ನೋವನ್ನು ನಂಬಿದ್ದರು.

"ಕೀಲು ಉಳುಕಿದೆ, ನಾರು ಹರಿದಿಲ್ಲ. ಎರಡು ಮೂರು ದಿನ ಐಸನ್ನ ಬಟ್ಟೇಲಿ ಸುತ್ತಿ ಇಡಿ, ಪಟ್ಟಿ ಕಟ್ಟಿ, ಕಾಲು ದಿಂಬಿನ ಮೇಲಿರಲಿ. ತಿಕ್ಕಿಸಬೇಡಿ. ಆಮೇಲೆ ಹಿಮ್ಮಡಿಗೆ: ಹಾಸಿಗೆಯಿಂದ ಏಳೋಕೆ ಮುಂಚೆ ಟವೆಲ್ಲಿನಿಂದ ಪಾದ ನಿಮ್ಮ ಕಡೆಗೆ ಎಳ್ಕೊಳ್ಳಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೀರಿ. ನೀರಿನ ಬಾಟಲು ಫ್ರಿಜ್ಜಲ್ಲಿ ಗಟ್ಟಿ ಮಾಡಿ ಅಂಗಾಲಿನ ಕೆಳಗೆ ಉರುಳಿಸಿ. ದಿನಕ್ಕೆ ಮೂರು ಸಲ, ತಪ್ಪಿಸೋ ಹಾಗಿಲ್ಲ. ಆಪರೇಷನ್ ಬೇಕಾಗೋದು ಎಲ್ಲೋ ಕೆಲವರಿಗೆ, ಅದೂ ತಿಂಗಳುಗಟ್ಟಲೆ ಇದೆಲ್ಲ ಮಾಡಿ ಸೋತ ಮೇಲೆ. ಎಲ್ಲಿ, ಹಾಕ್ಕೊಂಡು ಬಂದ ಚಪ್ಪಲಿ ಕೊಡಿ."

ಮಗಳು ಚಪ್ಪಲಿ ಎತ್ತಿಕೊಟ್ಟಳು. ಡ್ರಿಲ್ ಮೇಡಂ ನೆಲದ ಮೇಲೊಂದು ಬಿಳಿ ಹಾಳೆ ಹಾಸಿ, ಇಸ್ತ್ರಿಯಾಕೆಯನ್ನು ಅದರ ಮೇಲೆ ನಿಲ್ಲಿಸಿ, ನೋವಿಲ್ಲದ ಎಡಗಾಲಿನ ಸುತ್ತ ಪೆನ್ಸಿಲ್ ಎಳೆದಳು. ಆ ಗೆರೆಯ ಮೇಲೆ ಎಡಗಾಲಿನ ಚಪ್ಪಲಿ ಇಟ್ಟಳು. ಗೆರೆ ನಾಲ್ಕೂ ಕಡೆ ಹೊರಗೆ ಉಳಿಯಿತು.

"ಇದು ಯಾರ ಚಪ್ಪಲಿ?"

"ನಂದೇ."

"ನಿಮ್ಮದಲ್ಲ. ಇದು ಐದು, ನಿಮ್ಮ ಕಾಲು ಏಳು, ಅದೂ ಅಗಲ. ಹಿಮ್ಮಡಿ ಚಪ್ಪಲಿಯ ಗಟ್ಟಿ ಅಂಚಿನ ಮೇಲೆ ಕೂತಿದೆ. ಹೆಬ್ಬೆರಳ ಗೆಣ್ಣು ನೋಡಿ, ಹೇಗೆ ಹೊರಗೆ ಬಂದಿದೆ. ಹೆರಿಗೆ ಆದ ಮೇಲೆ, ವಯಸ್ಸಾದ ಹಾಗೆ, ನಿಂತು ದುಡಿದ ಹಾಗೆ ಕಾಲು ಹರಡಿಕೊಳ್ಳುತ್ತೆ. ಇಷ್ಟು ವರ್ಷ ಯಾರೂ ಅಳತೆ ತೆಗೀಲಿಲ್ವಾ?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮಗಳಿಗೆ ನಗು ಬಂತು, ಎಂಥ ಕೆಟ್ಟ ನಗು! ತಾಯಿಗೆ ಬರಲಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಆ ಹಾಳೆ ಬಿಚ್ಚಿಟ್ಟಾಗ ಗಂಡ ಅನ್ನದ ತಟ್ಟೆಯನ್ನು ಅದರ ಮೇಲೇ ಇಟ್ಟ.

"ಇಪ್ಪತ್ತಾರು ವರ್ಷದಿಂದ ಕಾಲು ಅಳೀತಿದೀನಿ. ಯಾವಳೋ ಪೆನ್ಸಿಲ್ ಹಿಡ್ಕೊಂಡು ನನಗೆ ಕಸುಬು ಕಲಿಸ್ತಾಳಾ?"

"ಊರಿನೋರದ್ದು ಅಳೀತೀರ. ನನ್ನದು ಯಾವತ್ತು ಅಳೆದ್ರಿ?"

"ನಿನ್ನ ಕಾಲು ಊದಿಕೊಂಡಿದೆ, ಅದಕ್ಕೆ ದೊಡ್ಡದಾಗಿ ಕಾಣುತ್ತೆ."

"ಅಳೆದಿದ್ದು ಎಡಗಾಲು, ರೀ. ಉಳುಕಿದ್ದು ಬಲಗಾಲು."

ಮಗಳು ಫಕ್ಕನೆ ನಕ್ಕಳು. ಅತ್ತೆ ಚಮಚ ಕುಕ್ಕಿದಳು. "ಐದನೇ ನಂಬರಿನ ಹುಡುಗಿ ಅಂತ ಮನೆಗೆ ತಂದ್ವಿ. ಬೆಳೆಸಿಕೊಂಡಿದ್ದು ಯಾರ ತಪ್ಪು? ಪುಕ್ಕಟೆ ಬಂದದ್ದು ಕಾಲಿಗೆ ಚುಚ್ಚುತ್ತಂತೆ!"

"ಪುಕ್ಕಟೆ ಅಲ್ಲ ಅತ್ತೆ. ಅದಕ್ಕೆ ನನ್ನ ಹಿಮ್ಮಡಿ ಕೊಟ್ಟಿದೀನಿ. ನಿಮ್ಮ ಬೆರಳು ಕೊಟ್ಟಿದೀರ ನೀವು. ಅದೂ ನಿಮಗೆ ಗೊತ್ತಾಗಲಿಲ್ಲ."

"ಕೆಲಸ ಬಿಟ್ಟು ಮನೇಲಿರು, ಎಲ್ಲ ತಾನಾಗೇ ಸರಿಹೋಗುತ್ತೆ," ಅಂದ ಗಂಡ. "ಅಮ್ಮನ್ನ ನೋಡ್ಕೊಳ್ಳೋಕೂ ಒಬ್ರು ಬೇಕು."

ಓಹೋ, ವಿಷಯ ಅಲ್ಲಿಗೆ ಬಂತು! ಮೈಯೆಲ್ಲ ಉರಿದುಹೋಯಿತು ಅವಳಿಗೆ. ಕುಂಟುತ್ತಾ ಹೋಗಿ, ಬಾಗಿಲ ಹಿಂದಿನ ಗೂಡಿನಿಂದ ತನ್ನ ಚಪ್ಪಲಿ ಬೂಟು ಎಲ್ಲ ಎಳೆದು ಗುಡ್ಡೆ ಹಾಕಿದಳು. ಒಂಬತ್ತು ಜೋಡಿ. ಕೆಳಗೆ ಕೂತು, ಅಡುಗೆಮನೆಯ ದಪ್ಪ ಕತ್ತರಿಯಿಂದ ಒಂದೊಂದರ ಮೂತಿ ಕತ್ತರಿಸಿದಳು. ರಟ್ಟು, ರೆಕ್ಸಿನ್ನು, ಬಕಲು. ಕರಕರ ಅಂತ ಸದ್ದು. ಗಂಡ ಎದ್ದು ನಿಂತ.

"ಏಯ್! ಹುಚ್ಚು ಹಿಡೀತೇನೇ? ಹೊಚ್ಚ ಹೊಸವು ಅವು!"

"ನಿಮ್ಮ ಕಾಲಿಗೆ ಹಾಕ್ಕೊಳ್ಳಿ."

ಅಂದಿನಿಂದ ಗಂಡ ಹೆಂಡತಿ ನಡುವೆ ಮಾತು ಬಂದ್. ಅತ್ತೆ ತನಗೆ ಮತ್ತು ಮಗನಿಗೆ ಮಾತ್ರ ಅನ್ನ ಇಟ್ಟುಕೊಳ್ಳುತ್ತಿದ್ದಳು. ಮಗಳು ಬೇಕರಿಯಿಂದ ತಂದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಾಯಿ ಮಗಳಿಗೆ. ಬಾತ್‌ರೂಮಿನ ಬಾಗಿಲು ಯಾರು ಮೊದಲು ಹಾಕಿಕೊಂಡರು, ಗ್ಯಾಸ್ ಯಾರು ಖಾಲಿ ಮಾಡಿದರು, ಎಲ್ಲದಕ್ಕೂ ಕಾಲು ಕೆರೆದು ಜಗಳ. ಇಸ್ತ್ರಿಯಾಕೆ ರಜೆಯ ಮೇಲಿದ್ದಳು. ಮೂತಿ ಕತ್ತರಿಸಿದ ಚಪ್ಪಲಿಯಿಂದ ಬೆರಳಿಗೇನೋ ಬಿಡುಗಡೆ ಸಿಕ್ಕಿತ್ತು. ಹಿಮ್ಮಡಿಗೆ ಸಿಕ್ಕಿರಲಿಲ್ಲ, ಅದಿನ್ನೂ ಅಂಚಿನ ಮೇಲೇ. ಕೊನೆಗೆ ಮಗಳು ತನ್ನ ಗೆಳತಿಯ ಅಣ್ಣನ ಹಳೇ ಹವಾಯಿ ಚಪ್ಪಲಿ ತಂದುಕೊಟ್ಟಳು. ಗಂಡಸರದ್ದು, ನೀಲಿ ಪಟ್ಟಿಯದ್ದು. ಅದೇ ಸ್ವರ್ಗವಾಯಿತು.

ಬೆಳಿಗ್ಗೆ ಟವೆಲ್ಲು, ಮಧ್ಯಾಹ್ನ ಬಾಟಲು, ಸಂಜೆ ಗೋಡೆ. ಅತ್ತೆ ಬಾಗಿಲಲ್ಲಿ ಕೂತು ನೋಡೋಳು.

"ಗೋಡೆ ಬೀಳಿಸ್ತಾಳೇನೋ ಇವಳು."

"ಬಿದ್ರೆ ನಿಮ್ಮ ಕಡೆಗೇ ಬೀಳುತ್ತೆ, ಹುಷಾರು."

"ಬಾಟಲು ಫ್ರಿಜ್ಜಿಂದ ತೆಗಿ. ಹಾಲಿಗೆ ಜಾಗ ಇಲ್ಲ."

"ಮುಟ್ಟಿ ನೋಡಿ ಆ ಬಾಟಲು," ಅಂದಳು ಇಸ್ತ್ರಿಯಾಕೆ. ಅತ್ತೆ ಮುಟ್ಟಲಿಲ್ಲ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ ಒಂದು ಬೆಳಿಗ್ಗೆ ಒಲೆಯ ಹತ್ತಿರ ಬಂದು ನಿಂತ ಮೇಲೆ ನೆನಪಾಯಿತು, ತಾನು ಗೋಡೆ ಹಿಡಿದಿರಲಿಲ್ಲ! ಮತ್ತೆ ನಾಲ್ಕು ದಿನ ನೋವು, ಮತ್ತೆ ಎರಡು ದಿನ ಬಿಡುವು. ಕೀಲಿನ ಊತ ಇಳಿಯಿತು. ಐದನೇ ವಾರಕ್ಕೆ ಮೆಟ್ಟಿಲಿಳಿದು ಬೀದಿ ಕೊನೆ ತನಕ ಹೋಗಿಬಂದಳು. ಡ್ರಿಲ್ ಮೇಡಂ ಕಾಲು ಒತ್ತಿ ನೋಡಿ, "ಪೂರ್ತಿ ಹೋಗೋಕೆ ಇನ್ನೂ ಕೆಲವು ತಿಂಗಳು ಬೇಕು. ಕೆಲಸಕ್ಕೆ ಹೋಗಬಹುದು. ಆದ್ರೆ ಸರಿಯಾದ ಬೂಟಿಲ್ಲದೆ ಹೋದ್ರೆ ಒಂದೇ ವಾರಕ್ಕೆ ಮತ್ತೆ ಇಲ್ಲೇ ಬರ್ತೀರ. ಸಂಜೆ ಹೊತ್ತು ಹೋಗಿ ತಗೊಳ್ಳಿ, ಆಗ ಕಾಲು ಪೂರ್ತಿ ಹರಡಿಕೊಂಡಿರುತ್ತೆ," ಅಂದಳು.

ಸೋಮವಾರ ಯಂತ್ರ. ಗುರುವಾರ ರಾತ್ರಿ ಊಟದ ಹೊತ್ತಿಗೆ ಇಸ್ತ್ರಿಯಾಕೆ ತಾನಾಗಿಯೇ ಗಂಡನ ಹತ್ತಿರ ಮಾತೆತ್ತಿದಳು. ಬೇರೆ ದಾರಿ ಇರಲಿಲ್ಲ.

"ರೀ, ಏಳನೇ ನಂಬರು, ಅಗಲದ್ದು, ಮುಚ್ಚಿದ ಬೂಟು ಬೇಕು. ದುಡ್ಡು ನನ್ನದೇ. ತಂದುಕೊಡಿ."

"ಹೆಂಗಸರಲ್ಲಿ ಏಳು ನಮ್ಮಲ್ಲಿ ಬರೋದೇ ಇಲ್ಲ."

"ತರಿಸೋಕಾಗಲ್ವಾ?"

"ಯಾರಿಗೋಸ್ಕರ ತರಿಸೋದು? ಅಂಥ ಕಾಲು ಯಾವ ಹೆಂಗಸಿಗಿರುತ್ತೆ?"

ಕಡ್ಡಿ ಮುರಿದ ಹಾಗೆ ಹೇಳಿ ಕೈ ತೊಳೆಯಲು ಎದ್ದ. ಅತ್ತೆ ಸೆರಗಿನ ಮರೆಯಲ್ಲಿ ನಕ್ಕಳು. ಶುಕ್ರವಾರ ಅವಳು ಹತ್ತಿರದ ಎರಡು ಅಂಗಡಿ ಸುತ್ತಿದಳು. ಒಂದರಲ್ಲಿ ಆರಕ್ಕೆ ಕೊನೆ. ಇನ್ನೊಂದರಲ್ಲಿ ಏಳಿತ್ತು, ಎತ್ತರದ ಹಿಮ್ಮಡಿಯದ್ದು. ಕಾಲೆಳೆದುಕೊಂಡು ಬಂದು ಮಂಚದ ಮೇಲೆ ಕೂತಾಗ ಅವಳಿಗೆ ಅಳುವೇ ಬಂತು.

"ನಾಳೆ ಅಪ್ಪನ ಅಂಗಡಿಗೇ ಹೋಗಿ ಕೇಳು," ಅಂದಳು ಮಗಳು.

"ಕೇಳಿದ್ನಲ್ಲೇ. ಇಲ್ಲ ಅಂದ್ರು."

"ಅಪ್ಪನ್ನ ಕೇಳ್ದೆ. ಅಂಗಡೀನ ಕೇಳಲಿಲ್ಲ."

ಮನೆಯವರು ಅಂಗಡಿಗೆ ಬಂದರೆ ಮಾಲೀಕರಿಗೆ ಆಗಲ್ಲ ಅಂತ ಗಂಡ ಮೊದಲಿನಿಂದಲೂ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಶನಿವಾರ ಸಂಜೆ ಐದಕ್ಕೆ ಕಾಲಿಟ್ಟಳು.

ಅಂಗಡಿ ತುಂಬಿ ತುಳುಕುತ್ತಿತ್ತು. ಹೆಂಗಸರ ವಿಭಾಗದಲ್ಲಿ ಉದ್ದನೆಯ ಬೆಂಚು. ಅದರ ಮೇಲೆ ಮೂವರು ಗಿರಾಕಿಗಳು, ಕಾಲು ಬರಿದು ಮಾಡಿಕೊಂಡು ಕಾದಿದ್ದರು. ಅವರ ಮುಂದೆ ಗಿಡ್ಡ ಮಣೆಯ ಮೇಲೆ ಕೂತು, ತಲೆ ಬಗ್ಗಿಸಿ, ಗಂಡ ಮೊದಲನೆಯವಳ ಪಾದವನ್ನು ಅಂಗೈಯಲ್ಲಿ ಹಿಡಿದಿದ್ದ. ಇವಳು ಸದ್ದಿಲ್ಲದೆ ಬೆಂಚಿನ ಕೊನೆಗೆ ಕೂತು ಹವಾಯಿ ಚಪ್ಪಲಿ ಬೆಂಚಿನ ಕೆಳಗೆ ತಳ್ಳಿದಳು.

"ನಿಂತ್ಕೊಳ್ಳಿ ಮೇಡಂ, ಪೂರ್ತಿ ಭಾರ ಬಿಡಿ. ಕೂತಾಗ ಒಂದು ಅಳತೆ, ನಿಂತಾಗ ಒಂದು."

ಎಷ್ಟು ಮೆತ್ತಗಿನ ದನಿ! ಇದು ಇವನದೇನಾ ಅನ್ನಿಸಿತು ಅವಳಿಗೆ.

"ಐದೇ ಕೊಡಿ," ಅಂದಳು ಗಿರಾಕಿ. "ನಾನು ಯಾವಾಗ್ಲೂ ಐದೇ ಹಾಕೋದು."

"ಬೇಡ ಮೇಡಂ, ನಿಮ್ಮದು ಆರು. ಬೆರಳ ಮುಂದೆ ಇಷ್ಟು ಜಾಗ ಇರಲೇಬೇಕು. ಚಿಕ್ಕದು ಹಾಕ್ಕೊಂಡ್ರೆ ಇವತ್ತು ಚೆನ್ನಾಗಿ ಕಾಣುತ್ತೆ, ಹತ್ತು ವರ್ಷ ಬಿಟ್ಟು ಬೆಳಿಗ್ಗೆ ಎದ್ದು ಹಿಮ್ಮಡಿ ಊರೋಕಾಗಲ್ಲ. ಅಂಥೋರನ್ನ ಬೇಕಾದಷ್ಟು ನೋಡಿದೀನಿ."

ಇಸ್ತ್ರಿಯಾಕೆ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಗೊತ್ತಿತ್ತು. ಎಲ್ಲಾ ಗೊತ್ತಿತ್ತು ಈ ಮನುಷ್ಯನಿಗೆ. ಡ್ರಿಲ್ ಮೇಡಂ ಹೇಳಿದ್ದರ ಒಂದಕ್ಷರವೂ ಅವನಿಗೆ ಹೊಸದಾಗಿರಲಿಲ್ಲ.

ಅವನು ಮಣೆ ಜರುಗಿಸಿದ. ಎರಡನೆಯವಳ ಕಾಲು ನೋಡಿದ ಕೂಡಲೇ, ಅಳತೆ ಪಟ್ಟಿ ಮುಟ್ಟದೆಯೇ, ಒಳಗಿನ ಗೋದಾಮಿನ ಕಡೆ ಕೂಗಿದ: "ನಾಲ್ಕು!" ಮೂರನೆಯವಳಿಗೆ: "ಆರು, ಬಿಳಿ!" ಮತ್ತೆ ಮಣೆ ಜರುಗಿತು. ತಲೆ ಎತ್ತಲಿಲ್ಲ. ಎದುರಿಗೆ ಬಂದ ಎರಡು ಬರಿ ಪಾದಗಳನ್ನು ನೋಡಿದ, ಹೆಬ್ಬೆರಳ ಗೆಣ್ಣನ್ನು ನೋಡಿದ, ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಏಳು, ಅಗಲದ್ದು!" ಅಂತ ಕೂಗಿ, ಅದೇ ಮೆತ್ತಗಿನ ದನಿಯಲ್ಲಿ ಕೇಳಿದ, "ಚಪ್ಪಲಿನಾ ಮೇಡಂ, ಮುಚ್ಚಿದ್ದಾ?"

"ಮುಚ್ಚಿದ್ದು," ಅಂದಳು.

ಅವನ ಕೈ ಗಾಳಿಯಲ್ಲೇ ನಿಂತಿತು. ನಿಧಾನಕ್ಕೆ ತಲೆ ಎತ್ತಿದ. ಒಳಗಿನಿಂದ ಗೋದಾಮಿನಾಕೆಯ ದನಿ ಬಂತು: "ಏಳರ ಅಗಲದ್ದು ಮೂರು ಥರ ಇದೆ. ಮೂರೂ ತರಲಾ?"

"ಇಲ್ಲಿಗ್ಯಾಕೆ ಬಂದೆ?" ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ಮನೆಗೆ ನಡಿ. ಅಲ್ಲಿ ಮಾತಾಡೋಣ."

"ಮನೇಲಿ ಇಪ್ಪತ್ತೆರಡು ವರ್ಷ ಇದ್ನಲ್ಲ," ಅಂದಳು ಅವಳು, ದನಿ ತಗ್ಗಿಸದೆ. "ಮೂರೂ ತರೋಕೆ ಹೇಳಿ."

ಪಕ್ಕದ ಹೆಂಗಸರು ತಿರುಗಿ ನೋಡಿದರು. ಗಲ್ಲಾದಲ್ಲಿದ್ದ ಮಾಲೀಕ ಕತ್ತು ಉದ್ದ ಮಾಡಿದ. "ಏನ್ರೀ ಅದು? ಗಿರಾಕೀನ ಯಾಕೆ ಕಾಯಿಸ್ತಿದೀರ? ಅಳತೆ ತಗೊಳ್ಳಿ."

ಗಂಡನ ಮುಖ ಕಪ್ಪಿಟ್ಟಿತು. ಮಾಲೀಕನ ಕಡೆ ಒಮ್ಮೆ ನೋಡಿದ. ಅಳತೆ ಪಟ್ಟಿ ಎಳೆದು ಅವಳ ಮುಂದಿಟ್ಟ. ಎರಡೂ ಕೈಯಿಂದ ಅವಳ ಬಲಗಾಲನ್ನು ಎತ್ತಿ ಪಟ್ಟಿಯ ಮೇಲೆ ಇಟ್ಟ.

"ನಿಂತ್ಕೊಳ್ಳಿ," ಅಂದ ಅವನು, ನೆಲ ನೋಡುತ್ತಾ. "ಪೂರ್ತಿ ಭಾರ ಬಿಡಿ, ಮೇಡಂ."

ಅವಳು ಎದ್ದು, ಪೂರ್ತಿ ಭಾರ ಬಿಟ್ಟು, ಹಿಮ್ಮಡಿ ಊರಿ ನಿಂತಳು.